180 ರೂಪಾಯಿಯ ಲೆಕ್ಕ

ಬೇಸಿಗೆ ರಜೆ ಬಂತೆಂದರೆ ಮೈಸೂರಿನ ನಮ್ಮ ಮನೆಗೆ ಬೆಂಗಳೂರಿನಿಂದ ಇಬ್ಬರು ಅತಿಥಿಗಳು ಬರುತ್ತಾರೆ. ಒಬ್ಬಳು ಏಳನೆಯ ತರಗತಿ ಮುಗಿಸಿದ ಮೊಮ್ಮಗಳು, ಇನ್ನೊಬ್ಬ ಮೂರನೆಯ ತರಗತಿ ಮುಗಿಸಿದ ಮೊಮ್ಮಗ. ಅವನನ್ನು ಮನೆಯಲ್ಲಿ ಪುಟ್ಟ ಅಂತಲೇ ಕರೆಯುವುದು. ಅವರು ಬಂದ ದಿನದಿಂದ ನಮ್ಮ ಮನೆಯ ಫ್ರಿಜ್ಜಿಗೆ, ಅಜ್ಜಿಯ ಒಗ್ಗರಣೆ ಸೌಟಿಗೆ, ನನ್ನ ಮೊಣಕಾಲಿಗೆ ಬಿಡುವೆಂಬುದೇ ಇಲ್ಲ. ಈ ಅಂಕಣ ಓದುವ ಅಜ್ಜ-ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸಲದ ರಜೆಯ ಕೊನೆಯ ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋಗುವುದೆಂದು ತೀರ್ಮಾನವಾಯಿತು. ಬೆಳಿಗ್ಗೆ ಹೊರಟು ಕೋಟೆ, ದೇವಸ್ಥಾನ, ದರಿಯಾ ದೌಲತ್, ಸಂಗಮ ಎಲ್ಲ ನೋಡಿಕೊಂಡು, ಸಂಜೆ ವಾಪಸು ಬಂದು ಅರಮನೆಯ ದೀಪಾಲಂಕಾರ ನೋಡುವುದು. ದೀಪ ಹತ್ತುವುದು ಭಾನುವಾರ ಮತ್ತು ಸರ್ಕಾರಿ ರಜೆಯ ದಿನಗಳಲ್ಲಿ, ಅದೂ ಸಂಜೆ ಏಳರ ಮೇಲೆ ಮುಕ್ಕಾಲು ಗಂಟೆಯಷ್ಟೇ. ಮಾರನೆಯ ದಿನ ಮಕ್ಕಳು ಬೆಂಗಳೂರಿಗೆ ಹೊರಡುವವರು. ಪುಟ್ಟನಿಗೆ ಶ್ರೀರಂಗಪಟ್ಟಣಕ್ಕಿಂತ ಆ ದೀಪಗಳ ಮೇಲೇ ಆಸೆ. ‘ಸುಮಾರು ಒಂದು ಲಕ್ಷ ಬಲ್ಬು, ಎಲ್ಲ ಒಂದೇ ಸಲ ಹತ್ತುತ್ತೆ’ ಎಂದು ನಾನೇ ವಾರದಿಂದ ಹೇಳಿ ಹೇಳಿ ಅವನ ತಲೆ ಕೆಡಿಸಿದ್ದೆ.

ಬಸ್ಸು ಹತ್ತಿದ ಕೂಡಲೇ ಮೊದಲನೆಯ ತಕರಾರು ಶುರುವಾಯಿತು. ನಮ್ಮ ಮನೆಯಾಕೆ ಮತ್ತು ಮೊಮ್ಮಗಳು ಆಧಾರ್ ಕಾರ್ಡು ತೋರಿಸಿದರು. ಕಂಡಕ್ಟರು ಇಬ್ಬರಿಗೂ ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದು ಕೊಟ್ಟರು. ಪುಟ್ಟನಿಗೆ ಅರ್ಧ ಟಿಕೆಟ್ಟು, ನನಗೆ ಪೂರ್ತಿ. ‘ತಾತ, ಎಲ್ಲರಿಗಿಂತ ಚಿಕ್ಕವನು ನಾನು. ನಾನ್ಯಾಕೆ ದುಡ್ಡು ಕೊಡ್ಬೇಕು?’ ಎಂದು ಅವನು ಕೇಳಿದ. ಪಕ್ಕದ ಸೀಟಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮಲ್ಲಿಗೆ ಹೂವಿನ ಅಜ್ಜಿಯೊಬ್ಬರು ನಕ್ಕು, ‘ಅರವತ್ತು ವರ್ಸ ನಾವ್ ಕೊಟ್ಟಿದೀವಿ ಮಗಾ, ಈಗ್ ನಿನ್ ಸರದಿ’ ಅಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಪುಟ್ಟ ಮಾತ್ರ ಟಿಕೆಟ್ಟನ್ನು ಮಡಿಸಿ ಜೇಬಿಗಿಟ್ಟುಕೊಂಡು ಕಿಟಕಿಯ ಕಡೆ ತಿರುಗಿದ.

ಶ್ರೀರಂಗಪಟ್ಟಣ ಒಂದು ದ್ವೀಪ. ಕಾವೇರಿ ಅಲ್ಲಿ ಎರಡಾಗಿ ಒಡೆದು, ಊರನ್ನು ನಡುವೆ ಬಿಟ್ಟು ಸುತ್ತಿ ಹರಿದು, ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ‘ಅಂದ್ರೆ ಊರೇ ಒಂದು ದೋಣಿ ಥರ’ ಅಂದಳು ಮೊಮ್ಮಗಳು. ರಂಗನಾಥನ ದರ್ಶನದ ಸಾಲು ಉದ್ದವಿತ್ತು. ಸಾಲಿನಲ್ಲಿ ಮುಂದೆ ನಿಂತಿದ್ದ ಹೊಸ ದಂಪತಿ ಮೂರು ಹೆಜ್ಜೆಗೊಂದು ಫೋಟೊ ತೆಗೆದುಕೊಳ್ಳುತ್ತಿದ್ದರು. ಹಿಂದೆ ನಿಂತಿದ್ದ ಯಜಮಾನರು ಮೂರು ಹೆಜ್ಜೆಗೊಂದು ಸಲ ‘ಮುಂದೆ ಹೋಗಿ’ ಅನ್ನುತ್ತಿದ್ದರು. ಮಧ್ಯೆ ನಾವು.

ಮಧ್ಯಾಹ್ನ ಮರದ ನೆರಳಲ್ಲಿ ಡಬ್ಬಿ ಬಿಚ್ಚಿದೆವು. ಚಿತ್ರಾನ್ನ, ಮೊಸರನ್ನ, ಉಪ್ಪಿನಕಾಯಿ. ಪುಟ್ಟನಿಗೆ ಐಸ್‌ಕ್ರೀಮು ಬೇರೆ. ಅಲ್ಲಿಂದ ಆಟೊ ಹಿಡಿದೆವು. ಆಟೊ ಚಾಲಕರು ದಾರಿಯುದ್ದಕ್ಕೂ ಊರಿನ ಕತೆ ಹೇಳಿದರು. ರೈಲು ನಿಲ್ದಾಣದ ಬಳಿ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದಿತ್ತಂತೆ. ಜೋಡಿ ಹಳಿ ಹಾಕಲು ಅದು ಅಡ್ಡ ಬಂತು. ಒಡೆಯುವ ಬದಲು, 2017ರಲ್ಲಿ ಇಡೀ ಕಟ್ಟಡವನ್ನೇ ಬುಡಸಮೇತ ಎತ್ತಿ, ಜರುಗಿಸಿ, ದೂರದಲ್ಲಿ ಇಟ್ಟರು. ಇದನ್ನು ನಾನೂ ಆಗ ಪತ್ರಿಕೆಯಲ್ಲಿ ಓದಿದ್ದೆ. ಪುಟ್ಟ ಮಾತ್ರ ನಂಬಲಿಲ್ಲ. ‘ಮನೆಗೆ ಕಾಲಿರುತ್ತಾ?’ ಎಂದು ಕೇಳಿದ.

ದರಿಯಾ ದೌಲತ್ ಬೇಸಿಗೆ ಅರಮನೆ. ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ್ದು. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲವೆಂದಾಗ ಪುಟ್ಟನ ಮುಖ ಅರಳಿತು. ಬೆಳಗಿನ ಅರ್ಧ ಟಿಕೆಟ್ಟಿನ ಲೆಕ್ಕ ಚುಕ್ತಾ ಆದಂತಾಯಿತು. ಮರದ ಕಂಬಗಳು, ಮರದ ಚಾವಣಿ, ಒಳಗೆ ತಂಪು. ಹೊರಗೋಡೆಯ ತುಂಬ 1780ರ ಪೊಳ್ಳಿಲೂರು ಯುದ್ಧದ ಚಿತ್ರ. ನೂರಾರು ಸಿಪಾಯಿಗಳು, ಕುದುರೆಗಳು, ಆನೆಗಳು. ಮೊಮ್ಮಗಳು ಫಲಕ ಓದುತ್ತಿದ್ದರೆ ಪುಟ್ಟ ಆನೆ ಎಣಿಸುತ್ತಿದ್ದ. ಎಣಿಕೆ ತಪ್ಪಿದಾಗಲೆಲ್ಲ ಮೊದಲಿನಿಂದ ಶುರು ಮಾಡುತ್ತಿದ್ದ. ಅದನ್ನು ನೋಡಿ ನನಗೆ ಒಳಗೊಳಗೇ ಖುಷಿ. ಇವನು ನಮ್ಮ ವಂಶದವನೇ ಸರಿ ಅಂದುಕೊಂಡೆ.

ಹೊರಗೆ ಬಂದಾಗ ನಾಲ್ಕೂವರೆ. ಬಿಸಿಲು ಇನ್ನೂ ಇಳಿದಿರಲಿಲ್ಲ. ಹೊಂಗೆ ಮರದಡಿ ಒಂದು ಎಳನೀರಿನ ಗಾಡಿ. ಮಚ್ಚು ಹಿಡಿದು ಕೆತ್ತುತ್ತಿದ್ದ ಹೆಂಗಸಿಗೆ ನಲವತ್ತರ ಆಸುಪಾಸು. ಪಕ್ಕದಲ್ಲಿ ದುಡ್ಡು ಈಸಿಕೊಂಡು ಚಿಲ್ಲರೆ ಕೊಡಲು ಅವರ ಮಗ, ನಮ್ಮ ಮೊಮ್ಮಗಳ ವಾರಿಗೆಯವನು.

‘ಗಂಜಿ ಇರೋದಾ ಸಾಮಿ, ಬರೀ ನೀರಿಂದಾ?’

‘ಮಕ್ಕಳಿಗೆ ಗಂಜಿ, ನಮಗೆ ನೀರು’ ಅಂದೆ. ಮದ್ದೂರಿನ ದೊಡ್ಡ ಎಳನೀರು ಮಾರುಕಟ್ಟೆ ಇರುವ ಜಿಲ್ಲೆ ಇದು. ಇಲ್ಲಿ ಎಳನೀರು ಕುಡಿಯದೆ ಹೋದರೆ ಅದು ತಪ್ಪು. ನಾಲ್ಕು ಎಳನೀರು, ಒಂದಕ್ಕೆ 50 ರೂಪಾಯಿ. ಮೊಮ್ಮಗಳು ಗಾಡಿಗೆ ನೇತು ಹಾಕಿದ್ದ ಕ್ಯೂಆರ್ ಹಲಗೆ ತೋರಿಸಿ, ‘ತಾತ, ಸ್ಕ್ಯಾನ್ ಮಾಡಿ’ ಅಂದಳು. ನಾನು ಹಳೆಯ ಮನುಷ್ಯ, ಜೇಬಿಗೆ ಕೈ ಹಾಕಿದೆ. ಆಕೆಯೂ, ‘ನೋಟೇ ಕೊಡಿ ಸಾಮಿ. ಅದ್ರಲ್ ಹಾಕಿದ್ ದುಡ್ಡು ನಮ್ ದೊಡ್ಡೋನ್ ಖಾತೆಗ್ ಹೋಯ್ತದೆ. ಕೈಗ್ ಬಂದ್ರೆ ನಂದು’ ಅಂದರು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕೂತವನಿಗೆ ಆ ಮಾತು ಚೆನ್ನಾಗಿಯೇ ಅರ್ಥವಾಯಿತು.

ನಾನು 500ರ ನೋಟು ಕೊಟ್ಟೆ. ಹುಡುಗ 300 ವಾಪಸು ಕೊಟ್ಟ. 200ರದ್ದು ಒಂದು, 20ರದ್ದು ಐದು. ನಾನು ಮಡಿಸಿ ಜೇಬಿಗಿಟ್ಟುಕೊಂಡೆ. ಅಲ್ಲಿಂದ ಸಂಗಮಕ್ಕೆ ಹೋಗಿ, ಬಂಡೆಯ ಮೇಲೆ ಕೂತು ನೀರಿನಲ್ಲಿ ಕಾಲು ಇಳಿಬಿಟ್ಟು, ತೆಪ್ಪಗಳು ಬುಗುರಿಯಂತೆ ತಿರುಗುವುದನ್ನು ನೋಡಿ, ಆರು ಗಂಟೆಗೆ ಬಸ್ ನಿಲ್ದಾಣ ಸೇರಿದೆವು.

ಈಗ ಅಸಲು ವಿಷಯ.

ನನಗೊಂದು ಹಳೆಯ ಚಾಳಿಯಿದೆ. ಸಂಜೆಯಾದರೆ ಸಣ್ಣ ಡೈರಿ ತೆಗೆದು ಅಂದಿನ ಖರ್ಚು ಬರೆದು, ಕೈಯಲ್ಲಿರುವ ನಗದಿಗೆ ತಾಳೆ ನೋಡಬೇಕು. ಬಸ್ಸಿಗೆ ಕಾಯುತ್ತ ಬೆಂಚಿನ ಮೇಲೆ ಕೂತು ಮೊಮ್ಮಗಳಿಗೆ ಬರೆಯಲು ಹೇಳಿದೆ. ಮನೆಯಿಂದ ತಂದದ್ದು 2,000. ಬಸ್ಸು, ಹಣ್ಣುಕಾಯಿ, ಐಸ್‌ಕ್ರೀಮು, ಆಟೊ, ಪ್ರವೇಶದ ಟಿಕೆಟ್ಟು, ಎಳನೀರು ಎಲ್ಲ ಸೇರಿ 870. ಉಳಿಯಬೇಕಾದದ್ದು 1,130. ಜೇಬಿನಲ್ಲಿದ್ದದ್ದು 1,310.

‘180 ಜಾಸ್ತಿ ಇದೆ ತಾತ! ಲಾಭ!’ ಅಂದ ಪುಟ್ಟ.

ಬ್ಯಾಂಕಿನಲ್ಲಿ ಕಡಿಮೆ ಬಂದರೂ ತಪ್ಪೇ, ಹೆಚ್ಚು ಬಂದರೂ ತಪ್ಪೇ ಮಕ್ಕಳೇ. ಹೆಚ್ಚು ಬಂದಿದೆಯೆಂದರೆ ಯಾರದೋ ದುಡ್ಡು ನಮ್ಮ ಪೆಟ್ಟಿಗೆಗೆ ಬಂದಿದೆಯೆಂದೇ ಅರ್ಥ. ಇಲ್ಲಿ ನಿಮಗೆ ನಮ್ಮ ಹಳೆಯ ಗುಮಾಸ್ತರ ಗುಟ್ಟೊಂದನ್ನು ಹೇಳುತ್ತೇನೆ. ಲೆಕ್ಕದಲ್ಲಿ ಬಂದ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಬೇಕು. ಶೇಷ ಉಳಿಯದಿದ್ದರೆ, ಎಲ್ಲೋ ಅಂಕಿಗಳು ಅದಲುಬದಲಾಗಿರಬಹುದು, ಇಲ್ಲವೇ ಒಂದು ಸೊನ್ನೆ ಹೆಚ್ಚುಕಡಿಮೆಯಾಗಿರಬಹುದು. 54ನ್ನು 45 ಎಂದು ಬರೆದರೆ ವ್ಯತ್ಯಾಸ 9. 72ನ್ನು 27 ಎಂದು ಬರೆದರೆ 45. 30ನ್ನು 300 ಎಂದು ಬರೆದರೆ 270. ಎಲ್ಲವೂ 9ರ ಮಗ್ಗಿಯಲ್ಲೇ ಬರುತ್ತವೆ. ಕಂಪ್ಯೂಟರ್ ಬರುವ ಮೊದಲು ರಾತ್ರಿ ಎಂಟರವರೆಗೆ ಲೆಡ್ಜರ್ ತಿರುವುತ್ತಿದ್ದ ನಮಗೆ ಈ ಗುಟ್ಟು ಎಷ್ಟೋ ಸಲ ಬೇಗ ಮನೆಗೆ ಹೋಗಲು ದಾರಿ ಮಾಡಿಕೊಟ್ಟಿದೆ.

ಮೊಮ್ಮಗಳು ಭಾಗಿಸಿದಳು. 180ನ್ನು 9ರಿಂದ ಭಾಗಿಸಿದರೆ 20. ಶೇಷ ಸೊನ್ನೆ. ‘ಹಾಗಾದ್ರೆ ಯಾವುದೋ 20, 200 ಆಗಿದೆ!’ ಅಂದಳು. 20ರ ನೋಟುಗಳು ನಮಗೆ ಬಂದದ್ದು ಒಂದೇ ಕಡೆ. ಮಡಿಸಿಟ್ಟಿದ್ದ ಚಿಲ್ಲರೆ ಬಿಚ್ಚಿ ನೋಡಿದರೆ, ಐದು 20ರ ನೋಟುಗಳ ಜಾಗದಲ್ಲಿ ನಾಲ್ಕೇ ಇದ್ದವು. ಮಧ್ಯದಲ್ಲಿ ಇನ್ನೊಂದು 200ರ ನೋಟು. ಎರಡೂ ಹಳದಿ ಛಾಯೆಯವು, ಮಡಿಸಿದಾಗ ಥಟ್ಟನೆ ಗೊತ್ತಾಗುವುದಿಲ್ಲ.

‘ಕೌಂಟರ್ ಬಿಡುವ ಮುನ್ನ ಹಣ ಎಣಿಸಿಕೊಳ್ಳಿ’ ಎಂಬ ಹಲಗೆಯ ಕೆಳಗೇ ಮೂವತ್ತೈದು ವರ್ಷ ಕೂತಿದ್ದವನು ನಾನು. ಎಣಿಸದೆ ಜೇಬಿಗಿಟ್ಟುಕೊಂಡಿದ್ದೆ.

ಅಷ್ಟರಲ್ಲಿ ಮೈಸೂರಿನ ಬಸ್ಸು ಬಂದು ನಿಂತಿತು. ಸೀಟು ಬೇಕಾದಷ್ಟು ಖಾಲಿ. ಪುಟ್ಟ ಆಗಲೇ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ. ‘ರೀ, ಅಷ್ಟು ದೂರ ಮತ್ತೆ ಹೋದ್ರೆ ಮಗು ದೀಪ ನೋಡಿದ ಹಾಗೇ. ಬುಧವಾರ ಹೇಗೂ ನೀವು ಈ ಕಡೆ ಬರ್ತೀರಲ್ಲ, ಆಗ ಕೊಟ್ರಾಯ್ತು’ ಅಂದರು ನಮ್ಮ ಮನೆಯಾಕೆ. ನಿಜ ಹೇಳುತ್ತೇನೆ, ನನ್ನ ಮೊಣಕಾಲೂ ಅದನ್ನೇ ಹೇಳುತ್ತಿತ್ತು. ಇನ್ನೂ ಒಂದು ಉಪಾಯ ಹೊಳೆಯಿತು. ‘ದೇವರ ಹುಂಡಿಗೆ ಹಾಕಿಬಿಡೋಣ’ ಅಂದೆ.

ಮೊಮ್ಮಗಳು ಡೈರಿಯಿಂದ ತಲೆಯೆತ್ತಿ ಕೇಳಿದಳು: ‘ಹುಂಡಿಗೆ ಹಾಕಿದ್ರೆ ಆ ಆಂಟಿಯ ಲೆಕ್ಕ ಹೇಗೆ ತಾಳೆ ಆಗುತ್ತೆ ತಾತ?’

ಆ ಮಾತಿಗೆ ನನಗೆ ನಲವತ್ತು ವರ್ಷದ ಹಿಂದಿನ ಒಂದು ಸಂಜೆ ನೆನಪಾಯಿತು. ಆಗ ನಾನು ಒಂದು ತಾಲ್ಲೂಕು ಊರಿನ ಶಾಖೆಯಲ್ಲಿ ಕ್ಯಾಷಿಯರು. ಸಂತೆಯ ದಿನ, ಕೌಂಟರಿನ ಮುಂದೆ ಜಾತ್ರೆಯಂತೆ ಜನ. ಸಂಜೆ ಎಣಿಸಿದರೆ 500 ರೂಪಾಯಿ ಕಡಿಮೆ. ನಗದು ಕಡಿಮೆ ಬಂದರೆ ಕ್ಯಾಷಿಯರು ಕೈಯಿಂದ ತುಂಬಬೇಕು. ನನ್ನ ಅಂದಿನ ಸಂಬಳಕ್ಕೆ 500 ದೊಡ್ಡ ಮೊತ್ತ. ಮನೆಯಲ್ಲಿ ಕೈಗೂಸು ಬೇರೆ. ತುಂಬಿದೆ.

ಆ ದಿನ ಕ್ಯಾಷ್ ಕ್ಯಾಬಿನ್ನಿನೊಳಗೆ ಬಂದಿದ್ದವನು ನಾನಲ್ಲದೆ ಇನ್ನೊಬ್ಬನೇ. ಟೀ ತಂದುಕೊಡುತ್ತಿದ್ದ ಹುಡುಗ, ಹದಿನೇಳು ಹದಿನೆಂಟರವನು. ನಾನು ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಮರುದಿನದಿಂದ ಅವನು ಬಂದರೆ ಡ್ರಾಯರ್ ಮುಚ್ಚುತ್ತಿದ್ದೆ. ಟೀ ಲೋಟವನ್ನು ಕಿಂಡಿಯಲ್ಲೇ ಇಡಲು ಹೇಳಿದೆ. ನಾಲ್ಕನೆಯ ದಿನ ಆಲೆಮನೆಯ ಯಜಮಾನರೊಬ್ಬರು ಬಂದು, ‘ಮೊನ್ನೆ ನೂರರ ನೋಟು ಐದು ಜಾಸ್ತಿ ಬಂದಿತ್ತು ಸ್ವಾಮಿ. ಬೆಲ್ಲದ ಕೂಲಿಯವರಿಗೆ ಬಟವಾಡೆ ಮಾಡುವಾಗ ಗೊತ್ತಾಯಿತು’ ಎಂದು 500 ಎಣಿಸಿ ಕೊಟ್ಟು ಹೋದರು. ನನ್ನ ದುಡ್ಡು ನನಗೆ ಬಂತು. ಆದರೆ ಹುಡುಗನಿಗೆ ನಾನು ಏನು ಹೇಳಬೇಕಿತ್ತೋ ಅದನ್ನು ಹೇಳಲಿಲ್ಲ. ‘ನಾನು ಬಾಯಿಬಿಟ್ಟು ಅಂದಿದ್ದರೆ ತಾನೆ ಕ್ಷಮೆ ಕೇಳುವುದು’ ಎಂದು ಸಮಾಧಾನ ಮಾಡಿಕೊಂಡೆ. ಅವನಿಗೆ ಎಲ್ಲ ಗೊತ್ತಾಗಿತ್ತು. ಆಮೇಲೂ ಅವನು ಲೋಟವನ್ನು ಕಿಂಡಿಯಲ್ಲೇ ಇಡುತ್ತಿದ್ದ. ಕೆಲವು ತಿಂಗಳಾದ ಮೇಲೆ ಬೇರೆ ಕೆಲಸ ಸಿಕ್ಕಿ ಹೋದ.

ಇದನ್ನೆಲ್ಲ ಬಸ್ ನಿಲ್ದಾಣದಲ್ಲಿ ಮಕ್ಕಳಿಗೆ ಹೇಳಲಿಲ್ಲ. ‘ಪುಟ್ಟ, ಕಾಲು ಇಳಿಸಪ್ಪ. ಹೋಗಿ ಕೊಟ್ಟು ಬರೋಣ’ ಅಂದೆ. ಅವನು ಇಳಿಸಿದ. ಆದರೆ ನನ್ನ ಕೈ ಹಿಡಿದುಕೊಳ್ಳಲಿಲ್ಲ.

ಆಟೊ ಸಿಕ್ಕಿ ಅಲ್ಲಿಗೆ ಹೋಗುವಷ್ಟರಲ್ಲಿ ಆರೂಕಾಲು ದಾಟಿತ್ತು. ಗೇಟು ಮುಚ್ಚಿತ್ತು. ಕಡಲೆಕಾಯಿಯವರು, ಟೊಪ್ಪಿಯವರು ಹೊರಟುಹೋಗಿದ್ದರು. ಎಳನೀರಿನ ಗಾಡಿ ಮಾತ್ರ ಇತ್ತು. ಆಕೆ ಬುರುಡೆಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಹುಡುಗ ಗಾಡಿಯ ಹತ್ತಿರ ಇರಲಿಲ್ಲ. ಅಷ್ಟು ದೂರದಲ್ಲಿ ಕಾಂಪೌಂಡಿಗೆ ಒರಗಿ, ನಮ್ಮ ಕಡೆಗೆ ಬೆನ್ನು ಹಾಕಿ ಕೂತಿದ್ದ.

ನಾನು 200ರ ನೋಟು ಮುಂದೆ ಹಿಡಿದು ನಡೆದದ್ದನ್ನು ಹೇಳಿದೆ. ಆಕೆ ನೋಟನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಹುಡುಗನ ಕಡೆ ನೋಡಿದರು.

‘ಅಯ್ಯೋ ಸಾಮಿ, ಎಂಥಾ ಕೆಲ್ಸ ಆಯ್ತು. ಬೆಳಗಿಂದ ಇನ್ನೂರರ್ ನೋಟು ನಾಕು ಬಂದಿದ್ವು. ನಿಮ್ಗೊಂದು ಕೊಟ್ಟ. ಮೂರಿರ್ಬೇಕು, ನೋಡಿದ್ರೆ ಎರಡೇ ಅವೆ. ಎಂಟ್ ದಿನದಿಂದ ಬ್ಯಾಟು ತಕ್ಕೊಡು ಬ್ಯಾಟು ತಕ್ಕೊಡು ಅಂತ ಪ್ರಾಣ ತಿಂತಿದ್ದ. ಇವ್ನೇ ಎತ್ತಿಟ್ಕಂಡವ್ನೆ ಅಂತ ಜನಗಳ್ ಮುಂದೇನೇ ಬಾಯಿಗ್ ಬಂದಂಗ್ ಅಂದ್ಬುಟ್ಟೆ. ಜೇಬೆಲ್ಲಾ ತಡಕ್ದೆ.’

ಯಾರೂ ಮಾತಾಡಲಿಲ್ಲ. ಮೊಮ್ಮಗಳು ಮೆಲ್ಲಗೆ, ‘ಆಂಟಿ, ಒಂದು ಎಳನೀರಿಗೆ ನಿಮಗೆಷ್ಟು ಉಳಿಯುತ್ತೆ?’ ಎಂದು ಕೇಳಿದಳು. ‘ಕಾಯಿ ಒಡ್ಕಂಡಿದ್ದು, ಬಾಡ್ಕಂಡಿದ್ದು ಎಲ್ಲಾ ಕಳುದ್ರೆ ಹತ್ತೋ ಹನ್ನೆರಡೋ ಉಳುದ್ರೆ ಜಾಸ್ತಿ ಕಣವ್ವಾ’ ಅಂದರು. ಹನ್ನೆರಡರಂತೆ ಹಿಡಿದರೂ 180 ರೂಪಾಯಿಗೆ 15 ಎಳನೀರು ಕೆತ್ತಬೇಕು. ಪುಟ್ಟ ಬೆರಳು ಮಡಿಸಿ ಎಣಿಸುತ್ತಿದ್ದುದು ನನ್ನ ಕಣ್ಣಿಗೆ ಬಿತ್ತು.

ಆಕೆ ಮಚ್ಚು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ನೇರ ಹುಡುಗನ ಹತ್ತಿರ ಹೋದರು. ಅವನ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ‘ಅವ್ವ ತಪ್ಪ್ ತಿಳ್ಕಂಡ್ಬುಟ್ಟೆ ಕಣೋ ಮಗಾ. ನೀನ್ ಎತ್ಕಂಡಿರ್ಲಿಲ್ಲ. ನಂದೇ ತಪ್ಪು’ ಅಂದರು. ಗುಟ್ಟಾಗಿ ಅಲ್ಲ, ನಮಗೆಲ್ಲ ಕೇಳುವ ಹಾಗೆ. ಬೈದದ್ದು ಹತ್ತು ಜನರ ಮುಂದೆ ಎಂದಮೇಲೆ, ಇದೂ ನಾಲ್ಕು ಜನರ ಮುಂದೆ ಎಂಬಂತಿತ್ತು. ಹುಡುಗ ಕೂಡಲೇ ತಿರುಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಎದ್ದ.

ಮೂವತ್ತೈದು ವರ್ಷ ದುಡ್ಡು ಎಣಿಸಿದ ನನಗೆ ಬಾರದ ಕೆಲಸವನ್ನು ಆಕೆ ಎರಡು ನಿಮಿಷದಲ್ಲಿ ಮಾಡಿ ಮುಗಿಸಿದ್ದರು.

ನಾನು ಹುಡುಗನನ್ನು ಕರೆದು, ‘ನೋಡಪ್ಪ, ನೋಟು ತಪ್ಪಿ ಕೊಟ್ಟವನು ನೀನು, ಎಣಿಸದೆ ಜೇಬಿಗೆ ಹಾಕಿಕೊಂಡವನು ನಾನು. ನಾನು ಬ್ಯಾಂಕಿನಲ್ಲಿ ಇದ್ದವನು. ಅದಕ್ಕೇ ನನ್ನ ತಪ್ಪು ದೊಡ್ಡದು’ ಅಂದೆ. ಮೂರೂ ಮಕ್ಕಳು ಗಾಡಿಯ ಸುತ್ತ ನಿಂತರು. ನಾನು ಎರಡು ನೋಟನ್ನು ಒಂದರ ಮೇಲೊಂದು ಇಟ್ಟು ತೋರಿಸಿದೆ. ಹೊಸ 20ರ ನೋಟಿನ ಉದ್ದ 129 ಮಿಲಿಮೀಟರ್, 200ರದ್ದು 146. ಒಂದು ತುದಿ ಸಮ ಮಾಡಿ ಹಿಡಿದರೆ 200ರದ್ದು ಹೆಬ್ಬೆರಳಿನಷ್ಟು ಅಗಲ ಹೊರಗೆ ಚಾಚುತ್ತದೆ. 200ರ ಅಂಚಿನಲ್ಲಿ ಕಣ್ಣು ಕಾಣದವರಿಗಾಗಿ ಉಬ್ಬು ಗೆರೆಗಳಿವೆ, 20ರಲ್ಲಿ ಇಲ್ಲ. ಹಿಂಬದಿಯಲ್ಲಿ 20ರಲ್ಲಿ ಎಲ್ಲೋರದ ಗುಹೆ, 200ರಲ್ಲಿ ಸಾಂಚಿಯ ಸ್ತೂಪ. ‘200, 500ರ ನೋಟನ್ನು ಬೇರೆ ಡಬ್ಬಿಯಲ್ಲಿ ಇಡು. ಚಿಲ್ಲರೆ ಕೊಡುವಾಗ ಬಾಯಲ್ಲಿ ಎಣಿಸುತ್ತ ಒಂದೊಂದಾಗಿ ಕೊಡು. ಈಸಿಕೊಳ್ಳುವವನಿಗೂ ಕೇಳಿಸಬೇಕು’ ಅಂದೆ. ಹುಡುಗ ಚೀಲದಿಂದ 20ರ ನೋಟು ತೆಗೆದು, ಜೋರಾಗಿ ‘ಇಪ್ಪತ್ತು’ ಎಂದು ಹೇಳಿ ನನ್ನ ಕೈಗಿಟ್ಟ. ಲೆಕ್ಕ ತಾಳೆಯಾಯಿತು.

ಆಕೆ ಮಕ್ಕಳಿಗೆ ಎರಡು ಎಳನೀರು ಕೆತ್ತಲು ಹೋದರು. ಬೇಡವೆಂದೆವು. ‘ಹಂಗಂದ್ರೆ ಹೆಂಗ್ ಸಾಮಿ’ ಎಂದು ಪುಟ್ಟನ ಕೈಗೆ ಒಂದನ್ನು ತುರುಕಿಯೇ ಬಿಟ್ಟರು. ದುಡ್ಡು ಕೊಡಲು ಹೋದರೆ ಮುಖ ಕೆಂಪಗೆ ಮಾಡಿಕೊಂಡರು. ಆ ಒಂದು ಎಳನೀರು ನನ್ನ ಡೈರಿಯಲ್ಲಿ ಯಾವ ಕಾಲಮ್ಮಿಗೆ ಬರೆಯಬೇಕೋ ಇಂದಿಗೂ ತಿಳಿಯದು. ಬಿಕಾಂನಲ್ಲಿ ಅದನ್ನು ಕಲಿಸಿರಲಿಲ್ಲ.

ಬಸ್ಸು ಸಿಕ್ಕಿದಾಗ ಏಳು ದಾಟಿತ್ತು. ಭಾನುವಾರದ ನೂಕುನುಗ್ಗಲು. ಮೈಸೂರಿನೊಳಗೆ ಬಂದು ಬಸ್ಸು ತಿರುವಿನಲ್ಲಿ ತಿರುಗಿದಾಗ, ಮರಗಳ ಮೇಲೆ ಬಂಗಾರದ ಬಣ್ಣದ ಗೋಪುರಗಳು ಕಂಡವು. ‘ತಾತ! ಅಲ್ಲಿ!’ ಎಂದು ಪುಟ್ಟ ಎದ್ದು ನಿಂತ. ಹತ್ತು ಎಣಿಸುವಷ್ಟು ಹೊತ್ತು. ಆಮೇಲೆ ಎಲ್ಲವೂ ಒಟ್ಟಿಗೆ ಆರಿಹೋಯಿತು.

ಅವನು ಅಳುತ್ತಾನೆ ಅಂದುಕೊಂಡೆ. ಅಳಲಿಲ್ಲ. ಸಪ್ಪೆ ಮುಖ ಮಾಡಿಕೊಂಡು ಕೂತ. ಮನೆ ಹತ್ತಿರ ಬಂದಾಗ, ‘ನಾವು ಹೋಗದೇ ಇದ್ದಿದ್ರೆ ಆ ಅಣ್ಣ ರಾತ್ರಿ ಊಟ ಮಾಡ್ತಿದ್ನಾ?’ ಎಂದು ಕೇಳಿದ. ‘ಗೊತ್ತಿಲ್ಲಪ್ಪ’ ಅಂದೆ. ‘ದಸರಾಕ್ಕೆ ಬಂದಾಗ ಪೂರ್ತಿ ತೋರಿಸ್ಬೇಕು. ಮೊದ್ಲಿಂದ ಕೊನೇವರೆಗೂ’ ಎಂದು ಕರಾರು ಮಾಡಿದ. ಡೈರಿಯಲ್ಲಿ ಬರೆದುಕೊಂಡೆ. ಅದು ನಾನು ಅವನಿಗೆ ಕೊಡಬೇಕಾದ ಬಾಕಿ.

ಮಕ್ಕಳೇ, ಈ ವಾರ ನಿಮಗೆರಡು ಕೆಲಸ. ಮನೆಯಲ್ಲಿರುವ ನೋಟುಗಳನ್ನು ಅಪ್ಪ-ಅಮ್ಮನನ್ನು ಕೇಳಿ ಈಸಿಕೊಂಡು ಹಿಂಬದಿ ನೋಡಿ. ನಮ್ಮ ಹಂಪಿಯ ಕಲ್ಲಿನ ರಥ ಯಾವ ನೋಟಿನಲ್ಲಿದೆ, ಹುಡುಕಿ. ಎರಡನೆಯದು, ಯಾವುದೇ ಎರಡಂಕಿಯ ಸಂಖ್ಯೆ ಬರೆದು, ಅದನ್ನೇ ತಿರುಗಿಸಿ ಬರೆದು, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. 9ರ ಮಗ್ಗಿಯಲ್ಲಿ ಬರದಿದ್ದರೆ ನನಗೆ ಪತ್ರ ಬರೆಯಿರಿ.

ಅಜ್ಜ-ಅಜ್ಜಿಯರಿಗೆ ಕೆಲಸ ಹೇಳುವಷ್ಟು ದೊಡ್ಡವನಲ್ಲ ನಾನು. ನನ್ನದೇ ಒಂದು ಹಳೆಯ ಬಾಕಿ ಇದೆ, ಅದನ್ನಷ್ಟು ತೀರಿಸಿಬಿಡುತ್ತೇನೆ. ಆ ಟೀ ಹುಡುಗನಿಗೆ ಈಗ ಅರವತ್ತರ ಹತ್ತಿರವಾಗಿರಬೇಕು. ಅವನ ಮನೆಯಲ್ಲೂ ಮೊಮ್ಮಕ್ಕಳಿದ್ದು, ಅವರು ಈ ಪತ್ರಿಕೆ ಓದುತ್ತಿದ್ದರೆ, ದಯವಿಟ್ಟು ನಿಮ್ಮ ತಾತನಿಗೆ ಇದನ್ನು ಓದಿ ಹೇಳಿ ಮಕ್ಕಳೇ: ಆ 500 ರೂಪಾಯಿ ನಾಲ್ಕನೆಯ ದಿನವೇ ಸಿಕ್ಕಿತ್ತು. ನೀನು ತೆಗೆದಿರಲಿಲ್ಲ. ತಪ್ಪು ನನ್ನದೇ.